ಹಿತ್ತಲಿನ ಹುಂಜ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕಾರು ಕೋಳಿ ಸಾಕುವವರಿಗೆ ಹೇಟೆಗಳ ಬಗ್ಗೆ ಅಷ್ಟೇನೂ ಗೊಂದಲ ಇರುವುದಿಲ್ಲ. ಪ್ರಶ್ನೆ ಎಲ್ಲ ಹುಂಜದ್ದೇ. ಬೇಕಾ ಬೇಡವಾ, ಒಂದಾ ಎರಡಾ, ಯಾಕೆ ಹೀಗೆ ಕೂಗುತ್ತೆ, ಯಾಕೆ ಮೈಮೇಲೆ ಹಾರುತ್ತೆ. ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಕೆಲವಕ್ಕೆ ಉದ್ದ, ಕೆಲವಕ್ಕೆ ಒಂದೇ ಸಾಲು.

ಮೊಟ್ಟೆ ಸಿಗಬೇಕಾದರೆ ಹುಂಜ ಇರಲೇಬೇಕಾ?

ಬೇಡ. ಹುಂಜ ಇದ್ದರೂ ಇಲ್ಲದಿದ್ದರೂ ಹೇಟೆ ಮೊಟ್ಟೆ ಇಡುತ್ತದೆ, ಲೆಕ್ಕದಲ್ಲೂ ವ್ಯತ್ಯಾಸ ಆಗುವುದಿಲ್ಲ. ಮರಿ ಬೇಕು ಅಂದಾಗ ಮಾತ್ರ ಹುಂಜ ಬೇಕೇ ಬೇಕು.

ಹಾಗಾದರೆ ಮರಿ ಮಾಡಿಸದವರು ಹುಂಜ ಯಾಕೆ ಇಟ್ಟುಕೊಳ್ಳುತ್ತಾರೆ?

ಕಾವಲಿಗೆ, ಮತ್ತೆ ಗುಂಪಿನ ಶಿಸ್ತಿಗೆ. ಹೇಟೆಗಳು ತಲೆ ಬಗ್ಗಿಸಿ ಕೆದಕುತ್ತಾ ಇದ್ದರೆ ಒಳ್ಳೆ ಹುಂಜ ತಲೆ ಎತ್ತಿ ನೋಡುತ್ತಾ ಇರುತ್ತದೆ. ಆಕಾಶದಲ್ಲಿ ಹದ್ದು ಕಂಡರೆ ಒಂದು ಥರದ ಸಣ್ಣ, ಎಳೆದ ಸದ್ದು. ನೆಲದ ಮೇಲೆ ನಾಯಿ ಬಂದರೆ ಬೇರೆ ಸದ್ದು, ಕಡಿದು ಕಡಿದು ಬರುವ ಜೋರು ಕೊಕ್ಕೊಕ್ಕೊ. ಹೇಟೆಗಳಿಗೆ ಎರಡೂ ಗೊತ್ತು. ಮೊದಲನೆಯದಕ್ಕೆ ಅಲ್ಲಲ್ಲೇ ಕುಕ್ಕರಿಸಿ ಪೊದೆ ಸೇರುತ್ತವೆ, ಎರಡನೆಯದಕ್ಕೆ ಕತ್ತು ನಿಮಿರಿಸಿ ಸುತ್ತ ನೋಡುತ್ತವೆ. ಸ್ವಲ್ಪ ದಿನ ಕಿವಿಗೊಟ್ಟರೆ ನಿಮಗೂ ತಿಳಿಯುತ್ತದೆ.

ಹುಳ ಸಿಕ್ಕಾಗಲೂ ನೋಡಬೇಕು. ಹುಂಜ ಅದನ್ನು ನುಂಗುವುದಿಲ್ಲ. ಕೊಕ್ಕಲ್ಲಿ ಎತ್ತುತ್ತದೆ, ಬೀಳಿಸುತ್ತದೆ, ಮತ್ತೆ ಎತ್ತುತ್ತದೆ, ಜೊತೆಗೆ 'ಕುಕ್ ಕುಕ್ ಕುಕ್' ಅಂತ ಬಿಡದೆ ಕರೆಯುತ್ತದೆ. ಹೇಟೆ ಓಡಿ ಬಂದು ಅದರ ಕಾಲ ಬುಡದಿಂದಲೇ ಹುಳ ಎತ್ತಿಕೊಳ್ಳುತ್ತದೆ. ಕೆಲವು ಹುಂಜಗಳು ಏನೂ ಇಲ್ಲದೆಯೂ ಹೀಗೆ ಕರೆದು ಹೇಟೆಯನ್ನು ಹತ್ತಿರಕ್ಕೆ ತರಿಸಿಕೊಳ್ಳುತ್ತವೆ, ಅದು ಬೇರೆ ಮಾತು!

ಒಂದು ಎಚ್ಚರಿಕೆ. ಹುಂಜ ಸುದ್ದಿ ಮುಟ್ಟಿಸುತ್ತದೆ, ಯುದ್ಧ ಗೆಲ್ಲುವುದಿಲ್ಲ. ನಾಯಿ, ನರಿ, ಮುಂಗುಸಿ ಎದುರಿಗೆ ನಿಂತರೆ ಸಾಯುವುದೇ ಜಾಸ್ತಿ. ಗಟ್ಟಿ ಗೂಡು, ರಾತ್ರಿ ಹಾಕುವ ಚಿಲಕ, ಇವುಗಳ ಬದಲಿಗೆ ಹುಂಜ ಇಟ್ಟುಕೊಂಡರೆ ಪ್ರಯೋಜನ ಇಲ್ಲ.

ಹುಂಜ ಇರುವ ಗುಂಪಿನ ಮೊಟ್ಟೆ ತಿನ್ನಬಹುದಾ? ಒಳಗೆ ಮರಿ ಇರುವುದಿಲ್ವಾ?

ಧಾರಾಳವಾಗಿ ತಿನ್ನಬಹುದು. ಮೊಟ್ಟೆ ಫಲಿತವಾಗಿದ್ದರೂ ಕಾವು ಸಿಗದೆ ಮರಿ ಬೆಳೆಯುವುದಿಲ್ಲ. ಕಾವು ಅಂದರೆ 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ, ಅದೂ ಬಿಡದೆ 21 ದಿನ. ದಿನಾ ಮೊಟ್ಟೆ ಎತ್ತಿ ತಂಪಾದ ಜಾಗದಲ್ಲಿಟ್ಟರೆ ಯೋಚನೆ ಬೇಡ. ರುಚಿಯಲ್ಲಿ, ಸತ್ವದಲ್ಲಿ ಏನೂ ಫರಕು ಇಲ್ಲ. ಬಿಸಿಲು ಜೋರಾಗಿರುವ ಕಾಲದಲ್ಲಿ ಮಾತ್ರ ದಿನಕ್ಕೆ ಎರಡು ಸಲ ಎತ್ತಿ, ಯಾಕೆಂದರೆ ಆ ಸೆಕೆಗೇ ಭ್ರೂಣ ಸ್ವಲ್ಪ ಬೆಳೆಯಲು ಶುರು ಮಾಡಬಹುದು.

ಒಡೆದು ನೋಡಿದರೆ ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಅದು ಎಲ್ಲ ಮೊಟ್ಟೆಯಲ್ಲೂ ಇರುತ್ತದೆ. ಚುಕ್ಕೆ ಒತ್ತಾಗಿ, ಅಂಕುಡೊಂಕಾಗಿದ್ದರೆ ಫಲಿತವಲ್ಲ. ಅದರ ಸುತ್ತ ಉಂಗುರ ಬರೆದ ಹಾಗೆ ದುಂಡಗಿದ್ದರೆ ಫಲಿತ. ರಕ್ತದ ಚುಕ್ಕೆಗೂ ಹುಂಜಕ್ಕೂ ಸಂಬಂಧ ಇಲ್ಲ. ಮೊಟ್ಟೆ ರೂಪುಗೊಳ್ಳುವಾಗ ಹೇಟೆಯ ಒಳಗೆ ಸಣ್ಣ ರಕ್ತನಾಳ ಒಡೆದರೆ ಅದು ಬರುತ್ತದೆ.

ಎಷ್ಟು ಹೇಟೆಗೆ ಒಂದು ಹುಂಜ?

ಸಾಮಾನ್ಯವಾಗಿ 8ರಿಂದ 12. ಹಗುರ ಮೈಯ, ಚುರುಕು ತಳಿಯ ಹುಂಜಕ್ಕೆ 10–12, ಭಾರಿ ಮೈಯ ತಳಿಗೆ 6–8. ಎರಡು ಮೂರು ಹೇಟೆ ಇಟ್ಟುಕೊಂಡು ಒಂದು ಹುಂಜ ತಂದರೆ ಏಟು ತಿನ್ನುವುದು ಆ ಹೇಟೆಗಳು.

ಹೇಟೆಗಳ ಬೆನ್ನು ಬೋಳಾಗಿದೆ. ಕಾಯಿಲೆಯಾ?

ಬೆನ್ನು ಮತ್ತು ತಲೆಯ ಹಿಂಭಾಗ ಮಾತ್ರ ಬೋಳಾಗಿದ್ದರೆ ಅದು ಹುಂಜದ ಕೆಲಸ. ಹತ್ತುವಾಗ ಕೊಕ್ಕಲ್ಲಿ ತಲೆಗರಿ ಹಿಡಿಯುತ್ತದೆ, ಕಾಲಲ್ಲಿ ಬೆನ್ನು ತುಳಿಯುತ್ತದೆ. ಎಲ್ಲ ಹೇಟೆಗೂ ಹೀಗೆ ಆಗುವುದಿಲ್ಲ. ಸಲೀಸಾಗಿ ಕುಕ್ಕರಿಸುವ ಒಂದೋ ಎರಡೋ ಹೇಟೆ ಹುಂಜದ ಕಣ್ಣಿಗೆ ಬಿದ್ದಿರುತ್ತವೆ, ಅವುಗಳಿಗೇ ಕಷ್ಟ.

ಹೇಟೆಯನ್ನು ಎತ್ತಿ ರೆಕ್ಕೆಯ ಕೆಳಗೆ, ಪಕ್ಕೆಯ ಮೇಲೆ ಗರಿ ಸರಿಸಿ ನೋಡಿ. ಹುಂಜದ ಕಾಲುಮುಳ್ಳು (ಕಾಲಿನ ಹಿಂಬದಿಯಲ್ಲಿ ಬೆಳೆಯುವ ಚೂಪು ಕೊಂಬು) ಸೀಳಿದ ಗಾಯ ಹೆಚ್ಚಾಗಿ ಅಲ್ಲೇ ಇರುತ್ತದೆ, ಮೇಲಿನಿಂದ ಕಾಣುವುದೇ ಇಲ್ಲ. ಗಾಯ ಇದ್ದರೆ ತೊಳೆದು, ಮಾಯುವವರೆಗೆ ಆ ಹೇಟೆಯನ್ನು ಬೇರೆ ಇಡಿ. ಕೆಂಪು ಚರ್ಮ ಕಂಡರೆ ಉಳಿದ ಕೋಳಿಗಳೂ ಕುಕ್ಕುತ್ತವೆ.

ಗಾಯ ಇಲ್ಲದೆ ಬರೀ ಗರಿ ಹೋಗಿದ್ದರೆ ದಪ್ಪ ಬಟ್ಟೆಯ ಬೆನ್ನುಕವಚ ಹೊಲಿದು ಹಾಕಬಹುದು. ರೆಕ್ಕೆಗಳಿಗೆ ಎರಡು ಎಲಾಸ್ಟಿಕ್ ಕುಣಿಕೆ ಇದ್ದರೆ ಸಾಕು. ಒಳಗೆ ಹೇನು ಸೇರಿಕೊಳ್ಳುತ್ತವೆ, ಆಗಾಗ ಬಿಚ್ಚಿ ನೋಡಬೇಕು. ಆದರೆ ಇದು ತಾತ್ಕಾಲಿಕ. ನಿಜವಾದ ಪರಿಹಾರ ಹೇಟೆ ಜಾಸ್ತಿ ಮಾಡುವುದು, ಇಲ್ಲವೇ ಹುಂಜವನ್ನು ಪಕ್ಕದ ಜಾಲರಿಯೊಳಗೆ ಇಟ್ಟು ವಾರಕ್ಕೆ ಕೆಲವು ದಿನ ಮಾತ್ರ ಗುಂಪಿಗೆ ಬಿಡುವುದು. ಉದುರಿದ ಗರಿ ಮುಂದಿನ ಗರಿ ಬದಲಾವಣೆಯ ಹೊತ್ತಿಗೇ ಪೂರ್ತಿ ಬರುವುದು. ಅವಸರ ಮಾಡಬೇಡಿ.

ಮರಿ ಇದ್ದಾಗಲೇ ಹುಂಜ ಯಾವುದು ಅಂತ ಗುರುತಿಸುವುದು ಹೇಗೆ?

6–8 ವಾರಕ್ಕೆ ಜುಟ್ಟು ದೊಡ್ಡದಾಗಿ ಕೆಂಪಗಾಗುವುದು, ಕಾಲು ದಪ್ಪ ಇರುವುದು, ಎದೆ ಎತ್ತಿ ನಿಲ್ಲುವುದು ಸುಳಿವು. ಸುಳಿವು ಅಷ್ಟೇ. ನಂಬಬಹುದಾದ ಗುರುತು ಸುಮಾರು 12 ವಾರದ ನಂತರ ಬರುತ್ತದೆ: ಸೊಂಟದ ಮೇಲಿನ ಗರಿ. ಬಾಲ ಶುರುವಾಗುವ ಜಾಗದಲ್ಲಿ ಗರಿ ಸಣ್ಣಗೆ, ಉದ್ದಕ್ಕೆ, ತುದಿ ಚೂಪಾಗಿ ಹೊಳೆಯುತ್ತಿದ್ದರೆ ಹುಂಜ. ತುದಿ ದುಂಡಗಿದ್ದರೆ ಹೇಟೆ. ಹುಂಜಕ್ಕೂ ಹೇಟೆಯಂತೆಯೇ ಗರಿ ಬರುವ ತಳಿಗಳು ಕೆಲವಿವೆ, ಅಲ್ಲಿ ಕೂಗುವವರೆಗೆ ಕಾಯಬೇಕು.

ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಟೆ ಅನ್ನುತ್ತಾರಲ್ಲ?

ಸುಳ್ಳು. ಕೋಳಿಯಲ್ಲಿ ಮರಿ ಗಂಡೋ ಹೆಣ್ಣೋ ಅನ್ನುವುದು ತಾಯಿಯಿಂದಲೇ ತೀರ್ಮಾನವಾಗುತ್ತದೆ, ಮೊಟ್ಟೆ ಇಡುವ ಮೊದಲೇ. ಮೊಟ್ಟೆಯ ಆಕಾರ ನೋಡಿ ಆರಿಸಿದರೂ, ದಾರಕ್ಕೆ ಉಂಗುರ ಕಟ್ಟಿ ತೂಗಿ ನೋಡಿದರೂ ಹೆಚ್ಚುಕಮ್ಮಿ ಅರ್ಧಕ್ಕರ್ಧ ಹುಂಜಗಳೇ ಬರುತ್ತವೆ.

ಹುಂಜ ಬೆಳಗಿನ ಜಾವ ಯಾಕೆ ಕೂಗುತ್ತದೆ? ಬೆಳಕು ಕಂಡಾ?

ಬೆಳಕು ಕಾಣುವ ಮೊದಲೇ ಕೂಗುತ್ತದೆ, ನೀವೂ ಗಮನಿಸಿರುತ್ತೀರಿ. ಹುಂಜದ ಮೈಯೊಳಗೇ ಒಂದು ಗಡಿಯಾರ ಇದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಂಜಗಳನ್ನು ಸದಾ ಮಬ್ಬು ಬೆಳಕಿನಲ್ಲೇ ಇಟ್ಟು ನೋಡಿದರು. ಹೊರಗೆ ಬೆಳಗಾಯಿತೋ ಇಲ್ಲವೋ ತಿಳಿಯದಿದ್ದರೂ ಅವು ಸುಮಾರು 24 ಗಂಟೆಗೊಮ್ಮೆ ಹೊತ್ತಿಗೆ ಸರಿಯಾಗಿ ಕೂಗಿದವು. ಇದು 2013ರಲ್ಲಿ ಪ್ರಕಟವಾಯಿತು. 2015ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಹಲವು ಹುಂಜ ಒಟ್ಟಿಗಿದ್ದರೆ ಮೊದಲು ಕೂಗುವುದು ಯಜಮಾನ ಹುಂಜ, ಉಳಿದವು ಅಂತಸ್ತಿನ ಪ್ರಕಾರ ಒಂದಾದ ಮೇಲೊಂದು. ಯಜಮಾನನನ್ನು ಹೊರಗೆ ತೆಗೆದರೆ ಎರಡನೆಯದಕ್ಕೆ ಬಡ್ತಿ.

ಬೆಳಗ್ಗೆ ಮಾತ್ರ ಅಲ್ಲ, ದಿನವಿಡೀ ಕೂಗುತ್ತವೆ. ಬೇರೆ ಹುಂಜದ ಸದ್ದಿಗೆ ಉತ್ತರವಾಗಿ, ಗಾಡಿಯ ಬೆಳಕು ಬಿದ್ದಾಗ, ಅಪಾಯ ಕಳೆದಾಗ, ಕೆಲವೊಮ್ಮೆ ಸುಮ್ನೆ. ಸಾಮಾನ್ಯವಾಗಿ 4–5 ತಿಂಗಳಿಗೆ ಕೂಗಲು ಕಲಿಯುತ್ತವೆ. ಮೊದಮೊದಲ ಕೂಗು ಕೇಳಿದರೆ ನಗು ಬರುತ್ತದೆ, ಅರ್ಧಕ್ಕೇ ಗಂಟಲು ಕಟ್ಟಿಹೋಗುತ್ತದೆ.

ಕೂಗದಂತೆ ಮಾಡಲು ಆಗುತ್ತದಾ? ಪಕ್ಕದ ಮನೆಯವರು ಬೇಸರ ಮಾಡಿಕೊಂಡಿದ್ದಾರೆ.

ಕೂಗನ್ನು ನಿಲ್ಲಿಸಲಾಗದು. ಮುಂಜಾವಿನ ಕೂಗಿನ ಕಾಟ ತಗ್ಗಿಸಬಹುದು. ರಾತ್ರಿ ಕತ್ತಲೆಯ ಗೂಡಿನಲ್ಲಿ ಕೂಡಿ, ನೆರೆಯವರು ಎದ್ದ ಮೇಲೆ ಬಿಡುವುದು ಒಳ್ಳೆ ಉಪಾಯ. ಒಳಗಿನ ಗಡಿಯಾರದಿಂದಾಗಿ ಅಲ್ಲೂ ಕೂಗುತ್ತದೆ, ಆದರೆ ಗೋಡೆ ದಪ್ಪ ಇದ್ದರೆ ಸದ್ದು ಅಷ್ಟು ದೂರ ಹೋಗುವುದಿಲ್ಲ. ಗಾಳಿ ಆಡುವ ಕಿಂಡಿ ಮಾತ್ರ ಇರಲೇಬೇಕು. ಎರಡು ಹುಂಜ ಇದ್ದರೆ ಪೈಪೋಟಿಗೆ ಬಿದ್ದು ಕೂಗುತ್ತವೆ, ಒಂದಕ್ಕಿಳಿಸಿದರೆ ಅದೂ ತಗ್ಗುತ್ತದೆ.

ಕೊರಳಿಗೆ ಬಿಗಿಯುವ ಪಟ್ಟಿ ಮಾರುತ್ತಾರೆ. ನನಗೆ ಅದು ಬೇಡವೇ ಬೇಡ. ಒಂದೆಳೆ ಬಿಗಿಯಾದರೂ ಉಸಿರು ಕಟ್ಟುತ್ತದೆ. ಕೊಕ್ಕು, ಕಾಲುಗುರು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಬೀಜ ತೆಗೆಸುವುದೂ ಸುಲಭದ ಮಾತಲ್ಲ. ಹುಂಜದ ವೃಷಣ ಹೊಟ್ಟೆಯೊಳಗೆ ಬೆನ್ನಿಗೆ ಅಂಟಿಕೊಂಡಿರುತ್ತವೆ, ಪಕ್ಕೆ ಕೊಯ್ದೇ ತೆಗೆಯಬೇಕು.

ತರುವ ಮೊದಲೇ ನಿಮ್ಮ ಊರಿನ ನಿಯಮ ಏನು ಅಂತ ವಿಚಾರಿಸಿ, ನೆರೆಯವರ ಜೊತೆ ಮಾತಾಡಿ. ಕೋಳಿ ಸಾಕಲು ಬಿಡುವ ಎಷ್ಟೋ ಕಡೆ ಹುಂಜಕ್ಕೆ ಒಪ್ಪಿಗೆ ಇರುವುದಿಲ್ಲ. ಫ್ರಾನ್ಸಿನಲ್ಲಿ ಮೋರಿಸ್ ಅನ್ನುವ ಹುಂಜದ ಕೂಗು 2019ರಲ್ಲಿ ಕೋರ್ಟಿನ ಮೆಟ್ಟಿಲೇರಿತ್ತು. ಹುಂಜವೇ ಗೆದ್ದಿತು. 2021ರಲ್ಲಿ ಹಳ್ಳಿಗಾಡಿನ ಸದ್ದು, ವಾಸನೆಗಳನ್ನು ಕಾಪಾಡುವ ಕಾನೂನೇ ಅಲ್ಲಿ ಬಂತು. ಎಲ್ಲರ ಹುಂಜಕ್ಕೂ ಅಂಥ ಅದೃಷ್ಟ ಇರುವುದಿಲ್ಲ.

ಅಷ್ಟು ಜೋರಾಗಿ ಕೂಗಿದರೆ ಅದರದೇ ಕಿವಿ ಹಾಳಾಗುವುದಿಲ್ವಾ?

ಇಲ್ಲ. ಬೆಲ್ಜಿಯಂನ ಸಂಶೋಧಕರು ಹುಂಜದ ತಲೆಗೇ ಮೈಕ್ ಕಟ್ಟಿ ಅಳೆದಾಗ ಸದ್ದು 100 ಡೆಸಿಬೆಲ್ ದಾಟಿತ್ತು. ಆದರೆ ಕೂಗಲು ಬಾಯಿ ಪೂರ್ತಿ ತೆರೆದಾಗ ಹುಂಜದ ಕಿವಿಯ ದಾರಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಿಮ್ಮ ಕಿವಿಗೆ ಆ ಸೌಲಭ್ಯ ಇಲ್ಲ, ಕೂಗುವ ಹುಂಜವನ್ನು ಹೆಗಲ ಹತ್ತಿರ ಎತ್ತಿಕೊಳ್ಳಬೇಡಿ.

ನಮ್ಮ ಹುಂಜ ನಮ್ಮ ಮೇಲೇ ಹಾರಿ ಒದೆಯುತ್ತದೆ. ಏನು ಮಾಡುವುದು?

ಮೊದಲು ಯಾವಾಗ, ಯಾರ ಮೇಲೆ ಅಂತ ನೋಡಿ. 5ರಿಂದ 10 ತಿಂಗಳ ವಯಸ್ಸಿನಲ್ಲಿ ರಕ್ತ ಬಿಸಿ ಇರುತ್ತದೆ, ಎಷ್ಟೋ ಹುಂಜ ಆಗ ಒಂದೆರಡು ಸಲ ಪರೀಕ್ಷೆ ಮಾಡಿ ನೋಡಿ ಆಮೇಲೆ ತಣ್ಣಗಾಗುತ್ತವೆ. ಕೆಲವು ಪ್ರತಿ ದಿನ ಹೊಂಚು ಹಾಕುತ್ತವೆ. ಇವೆರಡೂ ಒಂದೇ ಅಲ್ಲ.

ಹಾರುವ ಮೊದಲು ಸೂಚನೆ ಕೊಡುತ್ತದೆ. ಒಂದು ರೆಕ್ಕೆ ನೆಲಕ್ಕೆ ತಾಗುವಷ್ಟು ಇಳಿಸಿ ಓರೆಯಾಗಿ ಹತ್ತಿರ ಬರುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ನೆಲ ಕುಕ್ಕುತ್ತದೆ. ತಲೆ ಪಕ್ಕಕ್ಕೆ ತಿರುಗಿಸಿ ಒಂದೇ ಕಣ್ಣಲ್ಲಿ ನಿಮ್ಮನ್ನೇ ನೋಡುತ್ತದೆ. ಕುತ್ತಿಗೆ ಗರಿ ಕೆದರಿತು ಅಂದರೆ ಬಂದೇ ಬಿಟ್ಟಿತು.

ಆಗ ಓಡಬೇಡಿ, ಓಡಿದರೆ ಅದು ಗೆದ್ದ ಹಾಗೆ. ಒದೆಯಲೂ ಬೇಡಿ. ನೀವು ಕಾಲೆತ್ತಿದರೆ ಅದರ ಲೆಕ್ಕದಲ್ಲಿ ಅದು ಇನ್ನೊಂದು ಹುಂಜ ಕಾದಾಟಕ್ಕೆ ಬಂದ ಹಾಗೆ, ಮತ್ತಷ್ಟು ರೇಗುತ್ತದೆ. ಕೈಯಲ್ಲಿರುವ ಬಕೆಟನ್ನೋ ಹಲಗೆಯನ್ನೋ ಅಡ್ಡ ಹಿಡಿದು, ಅದರ ಕಡೆಗೇ ನಿಧಾನಕ್ಕೆ ಹೆಜ್ಜೆ ಹಾಕಿ. ಅದು ದಾರಿ ಬಿಟ್ಟು ಪಕ್ಕಕ್ಕೆ ಸರಿಯುವವರೆಗೆ ನಡೆಯಿರಿ. ಸರಿದ ಮೇಲೆ ಅಟ್ಟಿಸಿಕೊಂಡು ಹೋಗದೆ ನಿಮ್ಮ ಕೆಲಸ ನೋಡಿಕೊಳ್ಳಿ. ಹಿಡಿದು ಕಂಕುಳಲ್ಲಿ ಅವುಚಿಕೊಂಡು, ಕೊಸರಾಟ ನಿಂತ ಮೇಲೆ ಇಳಿಸುವವರೂ ಇದ್ದಾರೆ. ಕೆಲವು ಹುಂಜಕ್ಕೆ ಅದು ಹಿಡಿಸುತ್ತದೆ, ಕೆಲವಕ್ಕೆ ಸಿಟ್ಟು ಏರುತ್ತದೆ.

ನಮ್ಮ ನಡವಳಿಕೆಯೂ ಸ್ವಲ್ಪ ಬದಲಾಗಬೇಕು. ಹುಂಜದ ಎದುರಿಗೆ ಹೇಟೆಯನ್ನು ಅಟ್ಟಾಡಿಸಿ ಹಿಡಿಯಬೇಡಿ. ಹೇಟೆ ಕಿರುಚಿದರೆ ಕಾಪಾಡಲು ಬರುವುದು ಅದರ ಧರ್ಮ. ಹಿಡಿಯಲೇಬೇಕಾದರೆ ರಾತ್ರಿ, ಕೋಲಿನ ಮೇಲೆ ಕೂತಾಗ ಎತ್ತಿ. ಮರಿಯಿಂದ ಮುದ್ದು ಮಾಡಿ ಬೆಳೆಸಿದ ಹುಂಜಕ್ಕೆ ಮನುಷ್ಯರ ಭಯ ಇರುವುದಿಲ್ಲ, ದೊಡ್ಡದಾದ ಮೇಲೆ ನಮ್ಮನ್ನೂ ಪೈಪೋಟಿಯ ಹುಂಜ ಅಂದುಕೊಳ್ಳುತ್ತದೆ. ಹುಂಜದ ಮರಿ ಅಂತ ತಿಳಿದ ಕೂಡಲೇ ಮುದ್ದು ಕಡಿಮೆ ಮಾಡಿ.

ಇಷ್ಟೆಲ್ಲ ಮಾಡಿದರೂ ಬದಲಾಗದಿದ್ದರೆ ಅದನ್ನು ಇಟ್ಟುಕೊಳ್ಳಬೇಡಿ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಹುಂಜ ಹಾರುವ ಎತ್ತರಕ್ಕೆ ಸಣ್ಣ ಮಕ್ಕಳ ಮುಖ ಇರುತ್ತದೆ, ಒಂದು ಒದೆತಕ್ಕೆ ಕಣ್ಣೇ ಹೋಗಬಹುದು. ಸಾಧು ಹುಂಜಗಳು ಬೇಕಾದಷ್ಟು ಸಿಗುತ್ತವೆ. ಸಿಡುಕು ಹುಂಜದಿಂದ ಮರಿ ಮಾಡಿಸಬೇಡಿ, ಸ್ವಭಾವವೂ ಸ್ವಲ್ಪ ಮಟ್ಟಿಗೆ ಮರಿಗಳಿಗೆ ಇಳಿಯುತ್ತದೆ. ಬೇರೆಯವರಿಗೆ ಕೊಡುವಾಗಲೂ ಇದರ ಬುದ್ಧಿ ಹೀಗಿದೆ ಅಂತ ಮುಚ್ಚಿಡದೆ ಹೇಳಿ ಕೊಡಿ.

ಗಾಯವಾದರೆ ಸೋಪು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಕಾಲುಮುಳ್ಳಿನ ಗಾಯ ಆಳಕ್ಕೆ ಹೋಗಿರುತ್ತದೆ, ಅದರಲ್ಲಿ ಮಣ್ಣು, ಹಿಕ್ಕೆ ಸೇರಿರುತ್ತದೆ. ಡಾಕ್ಟರಿಗೆ ತೋರಿಸಿ, ಟೆಟನಸ್ ಇಂಜೆಕ್ಷನ್ ಬೇಕಾ ಅಂತ ಕೇಳಿ.

ಕಾಲುಮುಳ್ಳು ಉದ್ದವಾಗಿದೆ. ಕತ್ತರಿಸಬಹುದಾ?

ತುದಿ ಮಾತ್ರ. ಮುಳ್ಳಿನ ಹೊರಗೆ ಉಗುರಿನಂಥ ಚಿಪ್ಪು, ಒಳಗೆ ಜೀವ ಇರುವ ಮೂಳೆ. ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದರೆ ಸಾಕು. ರಾತ್ರಿ ಹೊತ್ತು ಟವೆಲ್ ಸುತ್ತಿ ಹಿಡಿದರೆ ಹುಂಜ ಸುಮ್ಮನಿರುತ್ತದೆ. ಆಕಸ್ಮಾತ್ ರಕ್ತ ಬಂದರೆ ಮೆಕ್ಕೆಜೋಳದ ಪಿಷ್ಟದ ಪುಡಿ (ಕಾರ್ನ್‌ಫ್ಲೋರ್) ಒತ್ತಿ ಹಿಡಿಯಿರಿ. ಮುಳ್ಳಿಗೆ ಬಿಸಿ ಆಲೂಗಡ್ಡೆ ಚುಚ್ಚಿ, ಚಿಪ್ಪು ತಿರುಚಿ ಕೀಳುವ ವಿಡಿಯೋ ನೋಡಿ ಅದನ್ನು ಮಾಡಲು ಹೋಗಬೇಡಿ. ಒಳಗಿನ ಹಸಿ ಮೂಳೆ ಹೊರಗೆ ಬಿದ್ದು ಹುಂಜ ನೋವು ತಿನ್ನುತ್ತದೆ.

ಎರಡು ಹುಂಜ ಒಟ್ಟಿಗೆ ಇಡಬಹುದಾ?

ಒಟ್ಟಿಗೇ ಬೆಳೆದವಾದರೆ, ಹೇಟೆ 20ರ ಮೇಲಿದ್ದರೆ, ಜಾಗ ಧಾರಾಳ ಇದ್ದರೆ, ಇಡಬಹುದು. ಸೋತ ಹುಂಜಕ್ಕೆ ಮರೆಯಾಗಿ ನಿಲ್ಲಲು ಪೊದೆಯೋ ಹಲಗೆಯೋ ಇರಬೇಕು. ತಿನ್ನುವ, ಕುಡಿಯುವ ಪಾತ್ರೆ ಎರಡು ಕಡೆ ಇರಲಿ. ಸಣ್ಣಪುಟ್ಟ ಎದುರುಬದುರು ನಿಲ್ಲುವುದಕ್ಕೆ ಅಡ್ಡ ಹೋಗಬೇಡಿ, ಸೋತದ್ದು ಓಡಿದರೆ ಮುಗಿಯಿತು. ಓಡಿದರೂ ಬಿಡದೆ ತಲೆಗೆ ಕುಕ್ಕಿ ರಕ್ತ ಬರಿಸಿದರೆ ಬೇರೆ ಮಾಡಿ.

ಇನ್ನೊಂದು ದಾರಿ ಬರೀ ಹುಂಜಗಳ ಗುಂಪು. ಹೇಟೆ ಕಣ್ಣಿಗೇ ಬೀಳದ ಜಾಗದಲ್ಲಿ ಇಟ್ಟರೆ ಎಷ್ಟೋ ಹುಂಜಗಳು ತಮ್ಮಷ್ಟಕ್ಕೆ ತಾವು ಹೊಂದಿಕೊಂಡಿರುತ್ತವೆ. ಜಗಳ ಬರುವುದೇ ಹೇಟೆಗಾಗಿ ಅಲ್ವಾ?

ಹೊಸ ಹುಂಜ ತಂದು ಗುಂಪಿಗೆ ಬಿಡುವುದು ಹೇಗೆ?

30 ದಿನ ಬೇರೆ ಇಡಿ. ಕೆಮ್ಮು, ಸುರಿಯುವ ಕಣ್ಣು, ಹೇನು, ಭೇದಿ ಏನಾದರೂ ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಒಂದು ವಾರ ಜಾಲರಿಯ ಆಚೆ ಈಚೆ ಮುಖ ಕಾಣುವ ಹಾಗೆ ಇಟ್ಟು, ನಂತರ ಬಿಡಿ. ಎಳೆ ಹುಂಜವನ್ನು ದೊಡ್ಡ ಹೇಟೆಗಳ ನಡುವೆ ಬಿಟ್ಟರೆ ಒಳ್ಳೆಯದು. ಜೋರಿನ ಹೇಟೆಗಳು ಒಂದೆರಡು ಏಟು ಕೊಟ್ಟು ಮರ್ಯಾದೆ ಕಲಿಸುತ್ತವೆ. ತನ್ನ ವಯಸ್ಸಿನ ಎಳೆ ಹೇಟೆಗಳ ಜೊತೆಗೇ ಬೆಳೆದ ಹುಂಜ ಹೆಚ್ಚಾಗಿ ಒರಟಾಗಿರುತ್ತದೆ.

ಹೇಟೆಗಳ ಆಹಾರವನ್ನೇ ಹುಂಜಕ್ಕೂ ಹಾಕಬಹುದಾ?

ಮೊಟ್ಟೆ ಕೋಳಿಯ ಆಹಾರದಲ್ಲಿ ಸುಣ್ಣದಂಶ ಶೇಕಡಾ 3.5–4 ಇರುತ್ತದೆ, ಮೊಟ್ಟೆ ಚಿಪ್ಪಿಗೆ ಅಂತ. ಹುಂಜಕ್ಕೆ ಸುಮಾರು 1 ಸಾಕು. ವರ್ಷಗಟ್ಟಲೆ ಹೆಚ್ಚು ತಿಂದರೆ ಮೂತ್ರಪಿಂಡಕ್ಕೆ ಹೊರೆ. ಸುಲಭ ದಾರಿ ಏನೆಂದರೆ, ಎಲ್ಲದಕ್ಕೂ ಬೆಳೆಯುವ ಕೋಳಿಯ ಆಹಾರ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಬೇಕಾದ ಹೇಟೆ ತಿಂದುಕೊಳ್ಳುತ್ತದೆ, ಹುಂಜ ಹೆಚ್ಚಾಗಿ ಅದರ ತಂಟೆಗೆ ಹೋಗುವುದಿಲ್ಲ.

ಹೇಟೆಗಳು ತಿಂದ ಮೇಲೆ ತಿನ್ನುವ ಹುಂಜಗಳು ಸೊರಗುವುದುಂಟು. ಗರಿ ತುಂಬಿರುವುದರಿಂದ ಕಣ್ಣಿಗೆ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಎತ್ತಿ ಎದೆಮೂಳೆ ಮುಟ್ಟಿ ನೋಡಿ. ಎರಡೂ ಕಡೆ ಮಾಂಸ ಇಳಿದು ಮೂಳೆ ಕತ್ತಿಯಂತೆ ಸಿಕ್ಕರೆ ಬೇರೆ ಕೂಡಿ ಹೊಟ್ಟೆ ತುಂಬ ತಿನ್ನಿಸಿ.

ಎತ್ತಿದಾಗಲೇ ಬಾಲದ ಬುಡದ ಕೆಳಗೆ ಗರಿ ಬಿಡಿಸಿ ನೋಡಿಬಿಡಿ. ಹೇನು, ಉಣ್ಣೆ ಹುಂಜಗಳಿಗೇ ಜಾಸ್ತಿ ಹತ್ತುತ್ತವೆ. ಗರಿಯ ಬುಡಕ್ಕೆ ಬೂದು ಗಂಟು ಕಟ್ಟಿದ್ದರೆ ಪಶುವೈದ್ಯರಿಂದ ಔಷಧಿ ತಂದು ಇಡೀ ಗುಂಪಿಗೆ, ಗೂಡಿಗೆ ಒಟ್ಟಿಗೇ ಹಾಕಬೇಕು. ಕಾಲಿನ ಹುರುಪೆ ಎದ್ದು ಒರಟಾಗಿದ್ದರೆ ಅದೂ ಒಂದು ಸಣ್ಣ ಹುಳದ ಕಾಟ. ಕಾಲು ತೊಳೆದು ದಿನಾ ವ್ಯಾಸಲೀನ್ ಬಳಿದರೆ ವಾರಗಳಲ್ಲಿ ತಗ್ಗುತ್ತದೆ.

ಹುಂಜ ಇದ್ದರೂ ಮೊಟ್ಟೆ ಮರಿಯಾಗುತ್ತಿಲ್ಲ. ಯಾಕೆ?

ಕಾವಿಗಿಟ್ಟ 7ನೇ ದಿನ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂಥ ರಕ್ತನಾಳ ಕಂಡರೆ ಹುಂಜದ ತಪ್ಪಲ್ಲ, ಕಾವಿನ ತೊಂದರೆ. ಪೂರ್ತಿ ತಿಳಿಯಾಗಿದ್ದರೆ ಫಲಿತವಾಗಿಲ್ಲ.

ಕಾರಣ ಹಲವು. ಹುಂಜಕ್ಕೆ ವಯಸ್ಸಾಗಿರಬಹುದು, ತೀರಾ ಎಳೆಯದಿರಬಹುದು, ಕಾಲು ನೋವಿರಬಹುದು. ಸುಡು ಬೇಸಿಗೆಯಲ್ಲೂ, ಹಗಲು ತೀರಾ ಚಿಕ್ಕದಾದ ಚಳಿಗಾಲದಲ್ಲೂ ಬೀಜದ ಕಸುವು ತಗ್ಗುತ್ತದೆ. ಹಿಂಭಾಗದಲ್ಲಿ ದಟ್ಟ ಗರಿ ಇರುವ ತಳಿಯಾದರೆ ಹುಂಜ, ಹೇಟೆ ಎರಡಕ್ಕೂ ಅಲ್ಲಿನ ಗರಿ ಕತ್ತರಿಸಿ. ಗುಲಾಬಿ ಜುಟ್ಟಿನ (ಎದ್ದು ನಿಲ್ಲದೆ ತಲೆಗೆ ಅಂಟಿದಂತಿರುವ ಅಗಲ ಜುಟ್ಟಿನ) ತಳಿಗಳಲ್ಲಿ ಇನ್ನೊಂದು ವಿಚಿತ್ರ ಇದೆ. ತಂದೆ ತಾಯಿ ಇಬ್ಬರಿಂದಲೂ ಆ ಜುಟ್ಟಿನ ವಂಶವಾಹಿ ಬಂದ ಹುಂಜಗಳಲ್ಲಿ ಫಲವತ್ತತೆ ಕಡಿಮೆ.

ಹುಂಜ ಬದಲಿಸಿದೆ. ಹೊಸ ಹುಂಜದ ಮರಿ ಯಾವಾಗಿನಿಂದ?

ಹಳೆ ಹುಂಜ ಹೋದ ಮೇಲೆ 3–4 ವಾರ ಬಿಟ್ಟು ಮೊಟ್ಟೆ ಕೂಡಿಸಿ. ಒಮ್ಮೆ ಕೂಡಿದ ಹುಂಜದ ಬೀಜವನ್ನು ಹೇಟೆ ಎರಡು ಮೂರು ವಾರ ತನ್ನೊಳಗೆ ಜೀವಂತ ಇಟ್ಟುಕೊಳ್ಳುತ್ತದೆ. ಒಂದೇ ಹುಂಜವನ್ನು ಅದರ ಮಗಳು, ಮೊಮ್ಮಗಳ ಜೊತೆಗೆ ತಲೆಮಾರುಗಟ್ಟಲೆ ಬಿಟ್ಟರೆ ಮರಿ ಬಲಹೀನವಾಗುತ್ತದೆ, ಮರಿಯಾಗುವ ಮೊಟ್ಟೆಯೂ ಕಮ್ಮಿ. ಒಂದೆರಡು ವರ್ಷಕ್ಕೊಮ್ಮೆ ಬೇರೆ ಕಡೆಯ ಹುಂಜ ತನ್ನಿ.

ಹೇಟೆಯೇ ಕೂಗುತ್ತಿದೆ! ಅಪಶಕುನವಾ?

ಅಲ್ಲ. ಹುಂಜ ಇಲ್ಲದ ಗುಂಪಲ್ಲಿ ಯಜಮಾನಿ ಹೇಟೆ ಕೂಗುವುದುಂಟು. ಹೇಟೆಗೆ ಕೆಲಸ ಮಾಡುವ ಅಂಡಾಶಯ ಎಡಗಡೆಯ ಒಂದೇ. ಅದು ಕೆಟ್ಟರೆ ಗಂಡಿನ ಹಾರ್ಮೋನು ಮೇಲುಗೈ ಆಗಿ ಜುಟ್ಟು, ಹುಂಜದ ಗರಿ, ಕೂಗು ಬರಬಹುದು. 1474ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೊಟ್ಟೆಯಿಟ್ಟ ತಪ್ಪಿಗೆ ಒಂದು 'ಹುಂಜ'ವನ್ನು ವಿಚಾರಣೆ ಮಾಡಿ ಸುಟ್ಟರು. ಪಾಪ, ಅದೂ ಇಂಥದ್ದೇ ಹೇಟೆ ಇದ್ದಿರಬಹುದು.

ಮರಿಗಳ ಹತ್ತಿರ ಹುಂಜ ಬಿಡಬಹುದಾ?

ತಾಯಿ ಜೊತೆಗಿದ್ದರೆ ಹೆಚ್ಚಾಗಿ ತೊಂದರೆ ಇಲ್ಲ. ಮೊದಲ ದಿನಗಳಲ್ಲಿ ಕಣ್ಣಿಡಿ.

ಹೆಚ್ಚಾದ ಹುಂಜಗಳನ್ನು ಏನು ಮಾಡುವುದು?

ಈ ಪ್ರಶ್ನೆಯನ್ನು ಮೊಟ್ಟೆ ಕಾವಿಗಿಡುವ ಮೊದಲು ಕೇಳಿಕೊಳ್ಳಬೇಕು. 12 ಮರಿ ಆದರೆ 6 ಹುಂಜ ಬರುತ್ತವೆ ಅಂದುಕೊಂಡೇ ಶುರು ಮಾಡಿ. ದಾರಿ ನಾಲ್ಕೇ: ಬೇಕಾದವರಿಗೆ ಕೊಡುವುದು, ಬರೀ ಹುಂಜಗಳ ಗುಂಪು ಸಾಕುವುದು, ಮಾರುವುದು, ಅಡುಗೆಗೆ ಬಳಸುವುದು. ಹುಂಜ ಬೇಕು ಅನ್ನುವವರು ಅಪರೂಪ, ಹಾಗಾಗಿ ಮೊದಲ ದಾರಿಯನ್ನೇ ನಂಬಿಕೊಳ್ಳಬೇಡಿ. ಕಾದಾಟಕ್ಕೆ ಒಯ್ಯುವವರೂ ಕೇಳಿಕೊಂಡು ಬರುತ್ತಾರೆ, ಯಾರಿಗೆ ಕೊಡುತ್ತೀರಿ ಅಂತ ವಿಚಾರಿಸಿ ಕೊಡಿ. ರಸ್ತೆ ಬದಿಗೋ ಕಾಡಿಗೋ ಬಿಟ್ಟು ಬರುವುದು ಮಾತ್ರ ಕೂಡದು. ಸಾಕಿದ ಹುಂಜ ಅಲ್ಲಿ ಬದುಕುವುದಿಲ್ಲ.

ಯಾವುದನ್ನು ಉಳಿಸಿಕೊಳ್ಳುವುದು ಅನ್ನುವುದನ್ನು ಒಂದು ವರ್ಷ ತುಂಬುವವರೆಗೆ ತೀರ್ಮಾನಿಸಬೇಡಿ, ಜಾಗ ಇದ್ದರೆ. ಬಣ್ಣ, ಬಾಲದ ಅಂದ ಆಮೇಲೆ. ಹುಳ ಸಿಕ್ಕಾಗ ಹೇಟೆಯನ್ನು ಕರೆಯುತ್ತದಾ, ಹತ್ತುವ ಮೊದಲು ರೆಕ್ಕೆ ಇಳಿಸಿ ಸುತ್ತು ಹಾಕುತ್ತದಾ ಇಲ್ಲ ಅಟ್ಟಿಸಿಕೊಂಡು ಹೋಗಿ ಕೆಡವುತ್ತದಾ, ನೀವು ಒಳಗೆ ಬಂದರೆ ದಾರಿ ಬಿಡುತ್ತದಾ, ಮೊದಲು ಅದನ್ನು ನೋಡಿ.

ಒಂದು ಹುಂಜ ಎಷ್ಟು ವರ್ಷ ಬದುಕುತ್ತದೆ?

ಚೆನ್ನಾಗಿ ನೋಡಿಕೊಂಡರೆ 5ರಿಂದ 8 ವರ್ಷ. ಮರಿಗೆ ಒಳ್ಳೆಯ ಕಾಲ ಮೊದಲ ಎರಡು ಮೂರು ವರ್ಷ. ಆಮೇಲೂ ಕಾವಲಿಗೆ ಏನೂ ಕೊರತೆ ಇರುವುದಿಲ್ಲ. ಎಳೆ ಹುಂಜ ಬಂದು ಮುದಿಯದನ್ನು ಮೂಲೆಗೆ ತಳ್ಳಿದರೆ ಅದಕ್ಕೆ ಪ್ರತ್ಯೇಕ ಗೂಡು ಮಾಡಿ, ಸಾಧು ಸ್ವಭಾವದ ಒಂದೆರಡು ವಯಸ್ಸಾದ ಹೇಟೆಗಳನ್ನು ಜೊತೆಗಿಡಿ. ಕೂರುವ ಕೋಲನ್ನು ತಗ್ಗಿಸುವುದು ಮರೆಯಬೇಡಿ, ಭಾರಿ ಮೈಯ ಮುದಿ ಹುಂಜ ಎತ್ತರದಿಂದ ಧುಮುಕಿ ಪಾದ ಊದಿಸಿಕೊಳ್ಳುತ್ತದೆ.